ಮಾತು ಮರೆತವರ ಜೊತೆ ಮಾತು



"ಅರವತ್ತಕ್ಕೆ ಅರಳು ಮರಳು" ಅಂತ ನಾವು ಹೇಳ್ತೀವಿ. ವಯಸ್ಸಾದವರು ಮಾತು ತಪ್ಪಿದರೆ ನಗ್ತೀವಿ. ಕೆಲವರು ಗದರಿಸ್ತಾರೆ. ಆದರೆ ಅದು ಮಿದುಳಿನ ರೋಗವೂ ಆಗಿರಬಹುದು.

ಅಂಥ ಒಂದು ರೋಗ ಆಲ್ಜೈಮರ್. ಇದು ಜರ್ಮನಿಯ ಒಬ್ಬ ವೈದ್ಯರ ಹೆಸರು. 1901ರಲ್ಲಿ ಅವರ ಆಸ್ಪತ್ರೆಗೆ 51 ವರ್ಷದ ಒಬ್ಬ ಹೆಂಗಸನ್ನು ಕರೆತಂದರು. ಆಕೆ ಹೂಕೋಸು, ಮಾಂಸ ತಿನ್ನುತ್ತಿದ್ದಳು. "ಏನು ತಿನ್ನುತ್ತಿದ್ದೀರಿ?" ಅಂತ ವೈದ್ಯರು ಕೇಳಿದರು. "ಪಾಲಕ್ ಸೊಪ್ಪು" ಅಂದಳು. 1906ರಲ್ಲಿ ಆಕೆ ತೀರಿಕೊಂಡಳು. ವೈದ್ಯರು ಮಿದುಳನ್ನು ಪರೀಕ್ಷಿಸಿದರು. ಮಿದುಳು ಸೊರಗಿತ್ತು.

ಈ ರೋಗದಲ್ಲಿ ಮಾತು ಒಂದೇ ದಿನ ಹೋಗೋದಿಲ್ಲ. ಮೊದಲು ಹೆಸರುಗಳು ಸಿಗೋದಿಲ್ಲ. ಚೊಂಬಿಗೆ "ಅದೇ, ನೀರು ಕುಡಿಯೋದು" ಅಂತಾರೆ. ಸೊಸೆಯನ್ನು ಮಗಳ ಹೆಸರಿನಿಂದ ಕರೀತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಾರೆ. ಆಮೇಲೆ ಮಾತಿನ ಎಳೆ ತಪ್ಪುತ್ತೆ. ನಾವು ಹೇಳಿದ್ದು ಅವರಿಗೆ ತಿಳಿಯೋದಿಲ್ಲ. ವರ್ಷಗಳು ಕಳೆದಂತೆ ಒಂದೆರಡು ಮಾತು ಮಾತ್ರ ಉಳಿಯುತ್ತೆ. ಅದೂ ನಿಲ್ಲಬಹುದು. ಆಗಲೂ ಕೆಲವರಿಗೆ ಹಳೆಯ ಹಾಡು ಉಳಿದಿರುತ್ತೆ. ಪ್ರೀತಿಯ ದನಿ ಗೊತ್ತಾಗುತ್ತೆ.

ನಾವು ಹೇಗೆ ಮಾತಾಡಬೇಕು?

ಎದುರಿಗೆ ಕೂತು, ನಿಧಾನವಾಗಿ ಮಾತಾಡಿ.

"ನಾನು ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. "ಅಜ್ಜಿ, ನಾನು ನಿನ್ನ ಮೊಮ್ಮಗಳು ಗೌರಿ" ಅನ್ನಿ.

"ಏನು ತಿಂತೀಯ?" ಅನ್ನಬೇಡಿ. ರೊಟ್ಟಿ ತೋರಿಸಿ "ರೊಟ್ಟಿ ಬೇಕಾ?" ಅನ್ನಿ. ಉತ್ತರಕ್ಕೆ ಕಾಯಿರಿ.

ತಪ್ಪು ಹೇಳಿದರೆ ವಾದ ಮಾಡಬೇಡಿ.

ಇದು ದೆವ್ವದ ಕಾಟ ಅಲ್ಲ. ತಾಯಿತ ಬೇಡ, ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಮನಸ್ಸಿನ ಬೇಸರದ ಕಾಯಿಲೆಯಿಂದಲೂ ಮರೆವು ಬರುತ್ತೆ. ಕಿವಿ ಮಂದವಾದರೂ ಮಾತು ತಪ್ಪುತ್ತೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಆಲ್ಜೈಮರ್ ಪೂರ್ತಿ ವಾಸಿಯಾಗೋದಿಲ್ಲ. ಆದರೆ ಕೆಲವರಿಗೆ ಔಷಧದಿಂದ ಸ್ವಲ್ಪ ಅನುಕೂಲ ಆಗುತ್ತೆ.

ಒಂದು ಎಚ್ಚರಿಕೆ. ಮಾತು ಇದ್ದಕ್ಕಿದ್ದಂತೆ ತೊದಲಿದರೆ, ನಿಂತರೆ, ಅದು ಲಕ್ವ ಇರಬಹುದು. ಆಗ ಒಂದು ಗಳಿಗೆಯೂ ತಡ ಮಾಡಬೇಡಿ. ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ನೀವೀಗ ಅಕ್ಷರ ಕಲಿತವರು. ಮನೆಯ ಹಿರಿಯರ ಮಾತು ಯಾವಾಗಿನಿಂದ ಬದಲಾಯಿತು? ಯಾವ ಪದ ಸಿಗೋದಿಲ್ಲ? ಒಂದು ಹಾಳೆಯಲ್ಲಿ ಬರೆದಿಡಿ. ಡಾಕ್ಟರಿಗೆ ತೋರಿಸಿ. ಅವರು ಹೇಳಲಾಗದ್ದನ್ನು ನಿಮ್ಮ ಅಕ್ಷರ ಹೇಳಲಿ.