ಇವತ್ತು ಎಷ್ಟು ಪುಟ?

(ಮಹಿಳಾ ವಿಭಾಗದ ಮಾರ್ಚ್ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಓದಿನ ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಅಂತ ನಮ್ಮ ಕಾರ್ಯದರ್ಶಿಯವರು ಫೋನ್ ಮಾಡಿದಾಗ ನನಗೆ ನಗು ಬಂತು. "ನವೆಂಬರಿನ ರೀಡಥಾನ್‌ನಲ್ಲಿ ನಾನು ಕೊನೆಯಿಂದ ಮೂರನೆಯವಳು. ನನ್ನನ್ನು ಯಾಕೆ ಕರೀತೀರಿ?" ಅಂದೆ. "ಮುಂದೆ ಬಂದವರೆಲ್ಲ ಆಗಲೇ ಮಾತಾಡಿ ಆಯ್ತಲ್ಲ" ಅಂದರು. ಹಾಗಾಗಿ ಇಲ್ಲಿ ನಿಂತಿದ್ದೇನೆ.

ಈ ರೀಡಥಾನ್ ಎಂಬುದು ನಾವು ಕಂಡುಹಿಡಿದದ್ದೇನಲ್ಲ. ಡ್ಯೂಯಿ ಎಂಬ ಹೆಸರಿನಲ್ಲಿ ಪುಸ್ತಕಗಳ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಒಬ್ಬ ಮಹಿಳೆ 2007ರಲ್ಲಿ 24 ಗಂಟೆಗಳ ಓದನ್ನು ಶುರು ಮಾಡಿದರು. ಮರುವರ್ಷವೇ ಅವರು ತೀರಿಕೊಂಡರು. ಸ್ನೇಹಿತರು ಅದನ್ನು ಅವರ ಹೆಸರಿನಲ್ಲೇ ಮುಂದುವರಿಸಿದರು. ಮನೆ, ಆಫೀಸು, ಲೋಕಲ್ ಟ್ರೇನು ಇರುವ ನಮಗೆ 24 ಗಂಟೆ ಎಲ್ಲಿಂದ ಬರಬೇಕು? ಅದಕ್ಕೇ ರಾಜ್ಯೋತ್ಸವದ ದಿನ ಶುರುಮಾಡಿ 30 ದಿನ, 1000 ಪುಟ, ಕನ್ನಡದ್ದೇ ಆಗಬೇಕು ಅಂತ ನಿಯಮ ಮಾಡಿಕೊಂಡೆವು. ದಿನಕ್ಕೆ 33 ಪುಟ ಚಿಲ್ಲರೆ. ಕೇಳುವುದಕ್ಕೆ ಸುಲಭ.

ನಾನು ಗದಗಿನ ಕಡೆಯವಳು. ಡೊಂಬಿವಿಲಿಗೆ ಬಂದು 24 ವರ್ಷ. ಆಫೀಸಿನಲ್ಲಿ ಇಂಗ್ಲಿಷು, ಬಿಲ್ಡಿಂಗಿನಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಆದರೆ ಆ ಕನ್ನಡ ಬಾಯಲ್ಲಿತ್ತೇ ಹೊರತು ಕಣ್ಣಲ್ಲಿ ಇರಲಿಲ್ಲ ಅನ್ನುವುದು ನವೆಂಬರ್ 1ರಂದು ಗೊತ್ತಾಯಿತು. ದಾದರಿನಿಂದ ಡೊಂಬಿವಿಲಿಗೆ ಫಾಸ್ಟ್ ಲೋಕಲ್‌ನಲ್ಲಿ ಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚು. ಲೇಡೀಸ್ ಡಬ್ಬಿಯಲ್ಲಿ ಅದೃಷ್ಟಕ್ಕೆ ನಾಲ್ಕನೇ ಸೀಟು ಸಿಕ್ಕಿತ್ತು, ಅಂದರೆ ಅರ್ಧ ಸೀಟು. ಕೈಯಲ್ಲಿ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’. ಕಾಲೇಜಿನಲ್ಲಿ ಒಂದೇ ರಾತ್ರಿಯಲ್ಲಿ ಮುಗಿಸಿದ್ದ ಪುಸ್ತಕ ಅದು. ಡೊಂಬಿವಿಲಿ ಬಂದಾಗ ಎಣಿಸಿದರೆ 11 ಪುಟ! ಒತ್ತಕ್ಷರ ಬಂದಲ್ಲೆಲ್ಲ ಕಣ್ಣು ಎಡವುತ್ತಿತ್ತು. 35 ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿ ಅಷ್ಟರಲ್ಲೇ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ನನಗೆ ಅವರ ಒಂದನ್ನು ಓದಲು ಎಷ್ಟು ದಿನ ಬೇಕಾಗಬಹುದು ಅಂತ ಲೆಕ್ಕ ಹಾಕಿ ನಾಚಿಕೆಯಾಯಿತು.

ಮಗಳ ಹಳೆಯ ರಫ್ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಖು, ಪುಸ್ತಕ, ಪುಟ, ಎಲ್ಲಿಂದ ಎಲ್ಲಿಯವರೆಗೆ ಅಂತ ಬರೆದುಕೊಂಡೆ. ಮೊದಲ ವಾರ ಹೀಗಿತ್ತು: 11, 9, 14, ಸೊನ್ನೆ, 12, 22, 18. ಒಟ್ಟು 86. ಆಗಬೇಕಾಗಿದ್ದದ್ದು 233. ಆ ಸೊನ್ನೆಯ ದಿನ ಮನೆಗೆ ನೆಂಟರು ಬಂದಿದ್ದರು.

ವಾಟ್ಸ್ಆ್ಯಪ್ ಗುಂಪಿನಲ್ಲಿ ರಾತ್ರಿ ಒಂಬತ್ತಕ್ಕೆ ಎಲ್ಲರೂ ತಮ್ಮ ಲೆಕ್ಕ ಹಾಕುತ್ತಿದ್ದಿರಿ. ಒಬ್ಬರದು 90, ಇನ್ನೊಬ್ಬರದು 140. ಅದರ ಕೆಳಗೆ ನನ್ನ 13. ಒಂಬತ್ತನೇ ತಾರೀಖು ಏನು ಬುದ್ಧಿ ಬಂತೋ, 14 ಓದಿ 40 ಅಂತ ಹಾಕಿಬಿಟ್ಟೆ. ಹೌದು, ಇವತ್ತು ಮೈಕಿನಲ್ಲೇ ಹೇಳುತ್ತಿದ್ದೇನೆ. ಎಂಟು ಜನ ಚಪ್ಪಾಳೆ ಕಳಿಸಿದಿರಿ. ನೋಟ್‌ಬುಕ್ಕಿನಲ್ಲಿ 14, ಗುಂಪಿನಲ್ಲಿ 40. ಎರಡು ಖಾತೆ ಇಟ್ಟ ವ್ಯಾಪಾರಿಯ ಹಾಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬಹುಮಾನ ಅಂತ ಇದ್ದದ್ದು ಒಂದು ಬಟ್ಟೆಯ ಚೀಲ!

ಈಗ ನಮ್ಮ ಅತ್ತೆಯ ವಿಷಯಕ್ಕೆ ಬರುತ್ತೇನೆ. ಅವರು ತೀರ್ಥಹಳ್ಳಿ ಕಡೆಯವರು, 78 ವರ್ಷ. ನಾನು ಚಪ್ಪಲಿ ಬಿಡುವ ಮೊದಲೇ ದಿನಾ ಕೇಳುತ್ತಿದ್ದರು, "ಇವತ್ತು ಎಷ್ಟು ಪುಟ ಆಯ್ತು?" ಚುಚ್ಚುತ್ತಿದ್ದಾರೆ ಅಂದುಕೊಂಡೆ. ಅವರ ದಿಂಬಿನ ಪಕ್ಕ ಯಾವಾಗಲೂ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಇರುತ್ತಿತ್ತು, ಬಸ್ ಟಿಕೆಟೊಂದನ್ನು ಗುರುತಿಗೆ ಇಟ್ಟುಕೊಂಡು. ಸೇಡು ತೀರಿಸಿಕೊಳ್ಳೋಣ ಅಂತ ನೋಟ್‌ಬುಕ್ಕಿನಲ್ಲಿ ಅವರಿಗೂ ಒಂದು ಕಾಲಂ ಹಾಕಿದೆ. ರಾತ್ರಿ ಅವರು ಮಲಗಿದ ಮೇಲೆ ಟಿಕೆಟ್ ಎಲ್ಲಿದೆ ನೋಡಿ ಬರೆದುಕೊಳ್ಳುವುದು. ಎಂಟನೇ ತಾರೀಖು 31. ಒಂಬತ್ತಕ್ಕೆ 31. ಹತ್ತಕ್ಕೆ, ಹನ್ನೊಂದಕ್ಕೂ 31.

ಹನ್ನೆರಡರ ಸಂಜೆ, "ಅತ್ತೆ, ನಿಮ್ಮದು ನನಗಿಂತ ನಿಧಾನ ಆಯ್ತಲ್ಲ" ಅಂತ ತಮಾಷೆ ಮಾಡಿದೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅಕ್ಷರ ಎಲ್ಲ ಹೊಗೆ ಹೊಗೆ ಕಾಣ್ತದೆ ಮಾರಾಯ್ತಿ. ಮಳೆಗಾಲ ಸುರುವಾಗೋ ಮುಂಚಿಂದ್ಲೂ ಹಂಗೇ" ಅಂದರು. ಅಂದರೆ ಐದು ತಿಂಗಳಿಗೂ ಮೇಲೆ! ಟೀವಿ ನೋಡುವುದು ಬಿಟ್ಟಿದ್ದರು, ಧಾರಾವಾಹಿ ಬೇಸರ ಬಂದಿದೆ ಅಂದಿದ್ದರು. ಅಕ್ಕಿ ಆರಿಸುವುದು ಬಿಟ್ಟಿದ್ದರು, ಬೆನ್ನು ನೋವು ಅಂದಿದ್ದರು. ನಾವು ನಂಬಿದ್ದೆವು. ಒಂದೇ ಮನೆಯಲ್ಲಿ ಇದ್ದುಕೊಂಡು ನಾನು ನೋಡದೇ ಹೋದದ್ದನ್ನು ಆ ನಾಲ್ಕು 31ಗಳು ಹೇಳಿದವು. ಮಗನಿಗೆ ಖರ್ಚು ಯಾಕೆ ಅಂತ ಸುಮ್ಮನಿದ್ದರಂತೆ. ಶನಿವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಎರಡೂ ಕಣ್ಣಿಗೆ ಪೊರೆ. ಸಕ್ಕರೆ ಕಾಯಿಲೆ ಹತೋಟಿಗೆ ಬಂದ ಮೇಲೆ ಆಪರೇಷನ್ ಅಂದರು.

ಆ ರಾತ್ರಿಯಿಂದಲೇ ಪುಟ 31ರಿಂದ ಗಟ್ಟಿಯಾಗಿ ಓದಲು ಶುರುಮಾಡಿದೆ. ನಮ್ಮ ಮನೆಯ ಪ್ರತಿ 700 ಪುಟ ದಾಟುತ್ತದೆ. ಜೋರಾಗಿ ಓದಿದರೆ ಗಂಟೆಗೆ 18 ಪುಟ, ಅದೂ ಅತ್ತೆ ನಡುವೆ ನಿಲ್ಲಿಸದಿದ್ದರೆ. ಅವರು ನಿಲ್ಲಿಸದೇ ಇರುವುದುಂಟೇ? ಕಂಬಳಿಕೊಪ್ಪೆ ಅಂತ ಬಂತು. ಬಯಲುಸೀಮೆಯ ನನಗೆ ಅರ್ಥವಾಗಲಿಲ್ಲ. ಅತ್ತೆ ಎದ್ದು ನನ್ನ ಚಾದರವನ್ನೇ ಮಡಚಿ ತಲೆಯ ಮೇಲೆ ಹಾಕಿಕೊಂಡು, ಮಳೆಯಲ್ಲಿ ಗದ್ದೆಗೆ ಹೋಗುವವರು ಹೇಗೆ ಹೊದ್ದುಕೊಳ್ಳುತ್ತಿದ್ದರು ಅಂತ ತೋರಿಸಿದರು. ಗುತ್ತಿಯ ನಾಯಿ ಹುಲಿಯನ ಮಾತು ಬಂದಾಗಲೆಲ್ಲ ತಮ್ಮ ತವರಿನ ನಾಯಿಯ ಕಥೆ. ಆ ದಿನ 9 ಪುಟ.

ಇಲ್ಲಿಂದ ನನ್ನ ಪುಟದ ಲೆಕ್ಕ ಪೂರ್ತಿ ಕೆಟ್ಟಿತು. ಮುಂದಿನ ವರ್ಷಕ್ಕೆ ನಿಯಮ ಮಾಡುವವರು ದಯವಿಟ್ಟು ಕೇಳಿಸಿಕೊಳ್ಳಿ. ಪುಟ ಅನ್ನುವುದು ಸರಿಯಾದ ಅಳತೆಯಲ್ಲ. ಅಚ್ಚಿನಿಂದ ಅಚ್ಚಿಗೆ ಪುಟ ಬೇರೆ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಅದೇ ಕಥೆಗೆ ಎರಡರಷ್ಟು ಪುಟ. ಕವನ ಸಂಕಲನ ಓದುವವರು ಅರ್ಧ ಖಾಲಿ ಪುಟಕ್ಕೂ ಒಂದು ಅಂಕ ಪಡೆಯುತ್ತಾರೆ, ಆದರೆ ಒಳ್ಳೆಯ ಕವನ ಒಂದು ದಿನ ಪೂರ್ತಿ ತೆಗೆದುಕೊಳ್ಳಬಹುದು. ಮೈಲ್ಯಾಂಗ್‌ನಲ್ಲಿ ಆಡಿಯೋ ಕೇಳಿದವರಂತೂ ಪುಟ ಎಲ್ಲಿಂದ ತರಬೇಕು? ನಾನು ನಿಮಿಷಕ್ಕೆ ಬದಲಾಯಿಸಿಕೊಂಡೆ. ದಿನಕ್ಕೆ 45 ನಿಮಿಷ, ತಿಂಗಳಿಗೆ 1350. ಮೊದಲಿನ ದಿನಗಳದ್ದು ಸ್ಟೇಷನ್ ಬರೆದಿಟ್ಟಿದ್ದರಿಂದ ಲೆಕ್ಕ ಸಿಕ್ಕಿತು. ನಿಮಿಷದಲ್ಲಿ ಇನ್ನೊಂದು ಅನುಕೂಲ ಇದೆ. 14 ಪುಟ ಅಂದರೆ ಸೋತ ಹಾಗೆ ಅನ್ನಿಸುತ್ತದೆ, 50 ನಿಮಿಷ ಓದಿದೆ ಅಂದರೆ ಓದಿದ ಹಾಗೆಯೇ ಅನ್ನಿಸುತ್ತದೆ. ಯಾರು ಬೇಕಾದರೂ ಪ್ರಯತ್ನಿಸಿ ನೋಡಿ.

ಗುಂಪಿನಲ್ಲಿ ನನ್ನ ಒಟ್ಟು ಒಂದು ದಿನ 26 ಕಡಿಮೆಯಾದದ್ದನ್ನು ಯಾರಾದರೂ ಗಮನಿಸಿದಿರೋ ಇಲ್ಲವೋ. ಅದು ಒಂಬತ್ತನೇ ತಾರೀಖಿನದು.

ನವೆಂಬರ್ 30ಕ್ಕೆ 438 ಪುಟ, 1430 ನಿಮಿಷ. ಚೀಲ ಸಿಗಲಿಲ್ಲ. ಓದು ನಿಲ್ಲಿಸಲಿಲ್ಲ. ಡಿಸೆಂಬರ್ ಪೂರ್ತಿ ರಾತ್ರಿ ಊಟವಾದ ಮೇಲೆ ಓದಿದೆವು. ನೋಟ್‌ಬುಕ್ಕಿನಲ್ಲಿ ಬರೆಯುವುದು ಮಾತ್ರ ಅಭ್ಯಾಸಬಲದಿಂದ ಮುಂದುವರಿಯಿತು. ಪುಟ 452ಕ್ಕೆ ಬಂದಾಗ ಜನವರಿಯಲ್ಲಿ ಅತ್ತೆಯ ಒಂದು ಕಣ್ಣಿನ ಆಪರೇಷನ್, ಫೆಬ್ರವರಿಯಲ್ಲಿ ಇನ್ನೊಂದು. ಆ ನಡುವೆ ಓದಿಸಿಕೊಳ್ಳಲು ಒಪ್ಪಲಿಲ್ಲ. "ಇನ್ನು ನಾನೇ ನೋಡ್ಕೊಳ್ತೆ" ಅಂದರು. ಹೊಸ ಕನ್ನಡಕ ಬಂದ ದಿನ ಮಧ್ಯಾಹ್ನ ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಈಗ ಆ ಪುಸ್ತಕದಲ್ಲಿ ಎರಡು ಗುರುತುಗಳಿವೆ. ಅತ್ತೆಯ ಬಸ್ ಟಿಕೆಟ್ ನಿನ್ನೆ ರಾತ್ರಿ 611ರಲ್ಲಿತ್ತು, ನನ್ನ ಹೇರ್‌ಪಿನ್ 540ರಲ್ಲಿ. ಹಗಲಿಡೀ ಪುಸ್ತಕ ಅವರ ಕೈಯಲ್ಲೇ, ನನಗೆ ಸಿಗುವುದು ಅವರು ಮಲಗಿದ ಮೇಲೆ. ಮುಂದೆ ಏನಾಗುತ್ತದೆ ಅಂತ ಕೇಳಿದರೆ, "ನಾ ಹೇಳೂದಿಲ್ಲ, ಓದು" ಅನ್ನುತ್ತಾರೆ. ನೋಟ್‌ಬುಕ್ಕನ್ನೂ ಅವರೇ ಇಟ್ಟುಕೊಂಡಿದ್ದಾರೆ. ನನ್ನ ಕಾಲಮ್ಮಿನಲ್ಲಿ ಈ ವಾರ ಮೂರು ಸೊನ್ನೆ ಹಾಕಿದ್ದಾರೆ, ಕೆಂಪು ಪೆನ್ನಿನಲ್ಲಿ.

ಚಹಾ ಬಂತು ಅಂತ ಕಾಣುತ್ತದೆ.