ಮೊದಲು ಕಿವಿ, ಆಮೇಲೆ ವೇದಿಕೆ

(ಬಳಗದ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಫೊಯರ್‌ಬಾಕ್‌ನಲ್ಲಿ ನಮ್ಮ ಭಾನುವಾರದ ಸಂಗೀತ ಪಾಠ ಶುರುವಾಗಿ ಎಂಟು ತಿಂಗಳಾಯ್ತು. ನನ್ನ ಹತ್ತಿರ ಇರೋದು ಐಟಿಐ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟು. ಸಂಗೀತ ಕಲಿತದ್ದು ಗದಗಿನ ಕಡೆ, ಊರ ಭಜನೆಯಲ್ಲಿ ಪೇಟಿ ಹಿಡಿದು. ಮೇಷ್ಟ್ರು ಅನ್ನಿಸಿಕೊಂಡದ್ದು ಇಲ್ಲಿಗೆ ಬಂದ ಮೇಲೆಯೇ. ಬರುವ ರಾಜ್ಯೋತ್ಸವಕ್ಕೆ ಮಕ್ಕಳು ಏನು ಹಾಡಬೇಕು ಅಂತ ನಾವೆಲ್ಲ ಕೂಡಿ ತೀರ್ಮಾನಿಸಬೇಕಾಗಿದೆ. ಅದಕ್ಕೇ ಈ ನಾಲ್ಕು ಮಾತು.

ತಾಯಂದಿರು ಕೇಳ್ತಾರೆ: "ಮಾಸ್ತರ, ಇನ್ನೂ ಸರಿಗಮದಾಗ ಅದಾವಲ್ರೀ ಹುಡುಗ್ರು, ಹಾಡು ಯಾವಾಗ?" ಕೇಳೋದು ನ್ಯಾಯವೇ. ಲೆಯೊನ್‌ಬೆರ್ಗ್, ಲುಡ್ವಿಗ್ಸ್‌ಬುರ್ಗ್ ಕಡೆಯಿಂದ ರೈಲು ಹತ್ತಿ, ವಾರಕ್ಕಿರುವ ಒಂದೇ ರಜೆ ಕಳೆದು ಕರಕೊಂಡು ಬರ್ತಾರೆ. ಈ ಸಲ ಒಬ್ಬೊಬ್ಬರೇ ಹಾಡದಿದ್ದರೆ ಆನ್‌ಲೈನ್ ಕ್ಲಾಸಿಗೆ ಸೇರಿಸ್ತೀವಿ ಅಂತ ಎರಡು ಮನೆಯವರು ಹೇಳಿದ್ದಾರೆ.

ಐಟಿಐನಲ್ಲಿ ಮೊದಲ ವಾರವೇ ಯಾರೂ ಪ್ಯಾನೆಲ್ ಮುಟ್ಟಿಸೋದಿಲ್ಲ. ವೈರು ಸುಲಿ, ತಿರುವು, ಜಾಯಿಂಟ್ ಹಾಕು, ಬಿಚ್ಚು, ಮತ್ತೆ ಹಾಕು. ಜಾಯಿಂಟ್ ಸಡಿಲ ಇದ್ದರೂ ದೀಪ ಹತ್ತುತ್ತೆ; ಲೋಡ್ ಬಿದ್ದಾಗ ಬಿಸಿಯಾಗಿ ಸುಡುತ್ತೆ. ಶ್ರುತಿ ಹಿಡಿಯದೆ ಬಾಯಿಪಾಠ ಮಾಡಿದ ಹಾಡೂ ಹಾಗೇ. ಕರೋಕೆ ನಡೆಯುವವರೆಗೆ ಚೆನ್ನ, ಅದು ನಿಂತರೆ ಮಗು ಎಲ್ಲೋ, ಸ್ವರ ಎಲ್ಲೋ.

ಇಲ್ಲಿಯ ಶಾಲೆಯಲ್ಲಿ ಮಕ್ಕಳು ಸಿ, ಡಿ, ಇ ಕಲಿತಿರುತ್ತಾರೆ. ಇಂಗ್ಲಿಷಿನವರು ಬಿ ಅನ್ನೋ ಸ್ವರಕ್ಕೆ ಜರ್ಮನರು ಹಾ ಅಂತಾರೆ. ಒಬ್ಬ ಹುಡುಗ ಕೇಳಿದ: "ಕಾಕಾ, ಸ ಅಂದ್ರೆ ಸಿ ತಾನೆ?" ಅಲ್ಲ. ಸಿ ಪೇಟಿಯ ಮೇಲೆ ಒಂದೇ ಜಾಗದಲ್ಲಿ ಇರುತ್ತೆ. ಸ ನಿನ್ನ ಕಂಠ ಎಲ್ಲಿ ಆರಾಮಾಗಿ ಕೂರುತ್ತೋ ಅಲ್ಲಿ. ನಿನಗೆ ಕರಿ ಎರಡು ಆದರೆ ಅದೇ ಸ, ನಿನ್ನಪ್ಪನಿಗೆ ಬೇರೆ. ಅದನ್ನು ಕಿವಿಯಿಂದಲೇ ಹುಡುಕಬೇಕು. ಎಂಟು ತಿಂಗಳು ಹೋದದ್ದು ಈ ಹುಡುಕಾಟಕ್ಕೆ.

ಮೈಸೂರು ಕಡೆಯವರ ಪ್ರಶ್ನೆ ಇನ್ನೊಂದು: ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಯಾಕೆ ಕಲಿಸಲ್ಲ? ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ಅದನ್ನು ನಂಬಿಕೊಂಡು ಬಂದಿದ್ದೇವೆ. ದೊಡ್ಡ ದಾರಿಯೇ. ನಾನು ಕಲಿತದ್ದು ಹಿಂದೂಸ್ತಾನಿ, ಅದಕ್ಕೆ ಬಿಲಾವಲ್‌ನ ಶುದ್ಧ ಸ್ವರಗಳಿಂದ ಶುರು ಮಾಡ್ತೀನಿ. ಇಲ್ಲಿಯ ಮಕ್ಕಳ ಕಿವಿಗೆ ಆ ಸ್ವರಸಾಲು ಶಾಲೆಯಿಂದಲೇ ಪರಿಚಯ. ಕಿವಿ ಬಲಿತ ಮೇಲೆ ಮಾಯಾಮಾಳವಗೌಳಕ್ಕೆ ಹೋಗುವುದು ಕಷ್ಟವಲ್ಲ. ಭೈರವ ಥಾಟಿನ ಸ್ವರಗಳೂ ಅವೇ.

ಈ ಜಗಳ ಬೇಡ ಅಂತ ತೋರಿಸಿಕೊಟ್ಟದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು (1892-1944) ಕಣ್ಣಿಲ್ಲದವರು, ಎರಡೂ ಪದ್ಧತಿ ಬಲ್ಲವರು. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010), ಅವರೂ ಅಂಧರೇ, ನಾಟಕ ಕಂಪನಿ ನಡೆಸಿ ಆಶ್ರಮ ಸಾಕಿದರು. ಜನ ಮಾಡಿದ ತುಲಾಭಾರದ ಕಾಣಿಕೆಯೂ ಮಕ್ಕಳ ಪಾಲಾಯಿತು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ವೆಂಕಟೇಶಕುಮಾರ್ ಪುಟ್ಟರಾಜರ ಶಿಷ್ಯರು. ಅಲ್ಲಿ ಕಲಿತು ಊರ ಭಜನೆಗೆ ತಬಲಾ ಬಾರಿಸುತ್ತ, ಶಾಲೆಯಲ್ಲಿ ಪಾಠ ಹೇಳುತ್ತ ಬದುಕು ಕಟ್ಟಿಕೊಂಡವರೂ ಇದ್ದಾರೆ. ಅವರ ಕಲಿಕೆ ಸಣ್ಣದೇನಲ್ಲ. ಕಣ್ಣಿಲ್ಲದ ಮಗು ಪುಸ್ತಕ ನೋಡಿ ಹಾಡಲಾರದು; ಗುರು ಹಾಡಿದ್ದನ್ನು ಕಿವಿಯಲ್ಲೇ ಹಿಡೀಬೇಕು. ನಮ್ಮ ಮಕ್ಕಳು ಕನ್ನಡ ಓದಲಾರರು ಅಂತ ಕೊರಗುತ್ತೇವಲ್ಲ, ಕಿವಿಯಿಂದ ಅವರಿಗೂ ದಾರಿ ಇದೆ.

ಮನೆಯಲ್ಲಿ ಸಾಧನೆ ಹೇಗೆ ಅಂತೀರಾ? ಕೆಳಗಿನ ಮನೆಯವರು ಬಾಗಿಲು ಬಡೀತಾರೆ, ನಿಜ. ಮೊಬೈಲಿನಲ್ಲಿ ತಂಬೂರಿ ಸಣ್ಣಗೆ ಹಾಕಿ ದಿನಕ್ಕೆ ಹತ್ತು ನಿಮಿಷ ಮೆಲ್ಲಗೆ ಸ ಹಿಡಿದರೆ ಸಾಕು. ರೈಲಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಿದರೂ ಅದು ಸಾಧನೆಯೇ. ಶಿಫ್ಟಿನವರಿಗೂ ಇದನ್ನೇ ಹೇಳ್ತೀನಿ. ಎರಡು ವಾರಕ್ಕೊಮ್ಮೆ ಬನ್ನಿ, ಹಾಜರಿ ತಗೊಳ್ಳಲ್ಲ.

ಈಗ ನನ್ನ ಕೋರಿಕೆ. ರಾಜ್ಯೋತ್ಸವಕ್ಕೆ ಮಕ್ಕಳೆಲ್ಲ ಕೂಡಿ ಒಂದೇ ವಚನ ಹಾಡಲಿ, ಕರೋಕೆ ಇಲ್ಲದೆ, ತಂಬೂರಿ ಮೇಲೆ. ಒಬ್ಬೊಬ್ಬರ ಹಾಡು ಮುಂದಿನ ವರ್ಷಕ್ಕಿರಲಿ. ಇದಕ್ಕಾಗಿ ಎರಡು ಮನೆ ಬಿಟ್ಟು ಹೋದರೆ ನನಗೆ ನೋವೇ, ಬಾಗಿಲಂತೂ ತೆರೆದೇ ಇರುತ್ತೆ. ಆದರೆ ಹದಿನೈದು ನಿಮಿಷದ ಚಪ್ಪಾಳೆಗೋಸ್ಕರ ಸಡಿಲ ಜಾಯಿಂಟ್ ಹಾಕಿಕೊಡೋದು ನನ್ನಿಂದ ಆಗದು. ಹಿರಿಯರು ಯೋಚಿಸಿ ಹೇಳಿ.