ಮೊದಲು ಮೇಷ್ಟ್ರ ಕೈಗೆ ರಾಡ್ ಕೊಡಿ

ಇವತ್ತು ರಾಜಕೀಯ ಬೇಡ. ಯಾರು ಯಾರ ಮನೆಗೆ ಊಟಕ್ಕೆ ಹೋದ್ರು, ಯಾರ ಕುರ್ಚಿ ಅಲ್ಲಾಡ್ತಿದೆ, ಅದೆಲ್ಲ ನಾಳೆಗೂ ಇರುತ್ತೆ. ಇವತ್ತು ವೆಲ್ಡಿಂಗ್ ಬಗ್ಗೆ ಮಾತಾಡೋಣ. ಹೌದು, ಸರಿಯಾಗೇ ಕೇಳಿಸಿಕೊಂಡ್ರಿ. ವೆಲ್ಡಿಂಗ್, ಹೈಸ್ಕೂಲು, ಮತ್ತು ಹೈಸ್ಕೂಲು ಮೇಷ್ಟ್ರು.

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನಿಂದ ಹೊರಡಿ. ಬಸವೇಶ್ವರನಗರ ದಾಟಿ ಕಾಮಾಕ್ಷಿಪಾಳ್ಯಕ್ಕೆ ಬನ್ನಿ, ಮಾಗಡಿ ರಸ್ತೆಯಲ್ಲೇ ಸುಂಕದಕಟ್ಟೆ ತನಕ ಹೋಗಿ. ಇಲ್ಲ ಅಂದ್ರೆ ಮೈಸೂರು ರಸ್ತೆ ಹಿಡಿದು, ಕೆಂಗೇರಿ ದಾಟಿ ಕುಂಬಳಗೋಡಿನ ಕಡೆ ಹೋಗಿ. ಎಲ್ಲಿ ನೋಡಿದ್ರೂ ಫ್ಯಾಬ್ರಿಕೇಶನ್ ಶೆಡ್ಡು, ಗ್ರಿಲ್ ಅಂಗಡಿ. ವಿಜಯನಗರದ ನಿಮ್ಮ ಮನೆಯ ಕಿಟಕಿ ಗ್ರಿಲ್ಲು, ಗೇಟು, ಟೆರೇಸಿನ ಶೀಟು, ಬೀದಿ ಕೊನೆ ಅಂಗಡಿಯ ರೋಲಿಂಗ್ ಶಟರು, ಇವೆಲ್ಲ ಅಲ್ಲಿ ಯಾರೋ ಒಬ್ಬರು ಕಿಡಿ ಹಾರಿಸಿ ಮಾಡಿದ್ದು. ಈ ಊರಿನ ಪಶ್ಚಿಮ ಭಾಗ ಅಕ್ಷರಶಃ ಬೆಸುಗೆ ಮೇಲೆ ನಿಂತಿದೆ.

ಆ ಶೆಡ್ಡಿನಲ್ಲಿ ಕೂತ ಹುಡುಗನ ಮುಖ ನೋಡಿದ್ದೀರಾ? ಕೆಲವರ ಕೈಯಲ್ಲಿ ಶೀಲ್ಡ್ ಇರುತ್ತೆ. ಇನ್ನು ಕೆಲವರಿಗೆ ಫುಟ್‌ಪಾತಿನಲ್ಲಿ ಸಿಗೋ ಕೂಲಿಂಗ್ ಗ್ಲಾಸೇ ಶೀಲ್ಡು. ಅದೂ ಇಲ್ಲದವನು ಕಣ್ಣು ಮುಚ್ಚಿ, ಮುಖ ತಿರುಗಿಸಿ ಟಚ್ ಮಾಡ್ತಾನೆ. ಆರ್ಕ್‌ನಿಂದ ಬರೋದು ಬರೀ ಬೆಳಕಲ್ಲ ಸ್ವಾಮಿ, ಅಲ್ಟ್ರಾವಯಲೆಟ್ ಕಿರಣ. ಅದು ತಾಗಿದ ತಕ್ಷಣ ಏನೂ ಗೊತ್ತಾಗಲ್ಲ. ಕೆಲವು ಗಂಟೆ ಕಳೆದ ಮೇಲೆ, ರಾತ್ರಿ ಮಲಗಿದಾಗ, ಕಣ್ಣಿಗೆ ಮರಳು ಸುರಿದ ಹಾಗೆ ಆಗುತ್ತೆ. ಆಲೂಗಡ್ಡೆ ಹೋಳು ಇಟ್ಟುಕೊಂಡು ಬೆಳಗಿನ ತನಕ ಒದ್ದಾಡ್ತಾರೆ, ಎದ್ದು ಮತ್ತೆ ಕೆಲಸಕ್ಕೆ ಹೋಗ್ತಾರೆ. ಇನ್ನು ಹೊಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ಹೇಳಿದೆ, ವೆಲ್ಡಿಂಗ್ ಹೊಗೆ ಮನುಷ್ಯನಿಗೆ ಕ್ಯಾನ್ಸರ್ ತರುತ್ತೆ ಅಂತ. ತಂಬಾಕು ಇರುವ ಅದೇ ಮೊದಲ ಗುಂಪಿನಲ್ಲಿ ಇದನ್ನೂ ಇಟ್ಟಿದ್ದಾರೆ.

ಈ ಹುಡುಗನಿಗೆ ಯಾರು ಕಲಿಸಿದ್ರು? ಮೇಸ್ತ್ರಿ. ಮೇಸ್ತ್ರಿಗೆ ಯಾರು ಕಲಿಸಿದ್ರು? ಅವನ ಮೇಸ್ತ್ರಿ. ಅವರನ್ನು ನಾನು ದೂರಲ್ಲ, ಗೊತ್ತಿದ್ದನ್ನು ಹೊಟ್ಟೆಗೆ ದಾರಿ ಅಂತ ಹೇಳಿಕೊಟ್ಟರು. ನನ್ನ ಪ್ರಶ್ನೆ ಬೇರೆ. ಈ ಹುಡುಗ ಶೆಡ್ಡಿಗೆ ಬರೋ ಮುಂಚೆ ಎಂಟು, ಒಂಬತ್ತು, ಹತ್ತು ವರ್ಷ ನಮ್ಮ ಶಾಲೆಯಲ್ಲೇ ಕೂತಿದ್ದನಲ್ಲ? ಅಲ್ಲಿ ನಾವೇನು ಮಾಡ್ತಿದ್ವಿ?

2024ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯ ಫಲಿತಾಂಶ ಶೇಕಡಾ 73.40. ಅಂದ್ರೆ ನಾಲ್ಕರಲ್ಲಿ ಒಬ್ಬರು ಆ ಪರೀಕ್ಷೆಯಲ್ಲಿ ದಾಟಲಿಲ್ಲ. ಅದೂ ಆ ವರ್ಷ ಗ್ರೇಸ್ ಮಾರ್ಕ್ಸ್ ಧಾರಾಳವಾಗಿ ಕೊಟ್ಟ ಮೇಲೆ! 625ಕ್ಕೆ 625 ತೆಗೆದ ಮಗುವಿನ ಮನೆಗೆ ಕ್ಯಾಮೆರಾ ಹೋಗುತ್ತೆ, ಸಿಹಿ ತಿನ್ನಿಸ್ತಾರೆ. ಒಳ್ಳೇದೇ. ಉಳಿದ ಮಕ್ಕಳು ಎಲ್ಲಿಗೆ ಹೋದ್ರು? ಎಷ್ಟೋ ಮಕ್ಕಳು ಹೋಗೋದು ಅದೇ ಶೆಡ್ಡಿಗೆ. ಹೇಗಿದ್ರೂ ಅಲ್ಲಿಗೇ ಹೋಗೋದಾದ್ರೆ ಸರಿಯಾಗಿ ಕಲಿತು ಹೋಗಲಿ ಅನ್ನೋದರಲ್ಲಿ ತಪ್ಪೇನಿದೆ?

ಇದು ಹೊಸ ಮಾತೂ ಅಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಶಾಲೆಯಲ್ಲಿ ಕೆಲಸದ ಅನುಭವ ಇರಬೇಕು ಅಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 2025ರ ಹೊತ್ತಿಗೆ ಅರ್ಧದಷ್ಟು ವಿದ್ಯಾರ್ಥಿಗಳಿಗಾದ್ರೂ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಅಂತ ಬರೆಯಿತು. ನಮ್ಮ ರಾಜ್ಯ ಸರ್ಕಾರ ಆ ನೀತಿ ಬೇಡ ಅಂದು, 2023ರಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಬೇರೆ ಆಯೋಗ ಮಾಡಿತು. ನೀತಿ ದೆಹಲಿಯದ್ದೋ ಬೆಂಗಳೂರಿನದ್ದೋ, ಆ ಜಗಳ ಆಮೇಲೆ ಮಾಡೋಣ. ಯಾವ ನೀತಿ ಬಂದ್ರೂ ತರಗತಿಯಲ್ಲಿ ನಿಂತು ಕಲಿಸೋಕೆ ಒಬ್ಬರು ಬೇಕು ತಾನೇ?

ಇವತ್ತೂ ನಮ್ಮ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಎನ್‌ಎಸ್‌ಕ್ಯೂಎಫ್ ಹೆಸರಲ್ಲಿ ಆಟೊಮೊಬೈಲ್, ರೀಟೇಲ್, ಐಟಿ, ಬ್ಯೂಟಿ ಅಂಡ್ ವೆಲ್‌ನೆಸ್ ಇದೆ. ತೃತೀಯ ಭಾಷೆ ಬದಲು ಮಕ್ಕಳು ಇದನ್ನು ತಗೋಬಹುದು. ಬಾಗಿಲು ತೆರೆದಿದೆ. ಆದ್ರೆ ವೆಲ್ಡಿಂಗ್ ಅಂದ ಕೂಡಲೇ ‘ಅದು ಐಟಿಐಗೆ ಸೇರಿದ್ದು’ ಅಂತ ತಳ್ಳಿಬಿಡ್ತೀವಿ. ಐಟಿಐಯಲ್ಲಿ ವೆಲ್ಡರ್ ಕೋರ್ಸ್ ಒಂದು ವರ್ಷದ್ದು, ಎಂಟನೇ ಕ್ಲಾಸ್ ಪಾಸಾಗಿದ್ರೆ ಸಾಕು. ಎಂಟನೇ ಕ್ಲಾಸ್ ಓದಿನ ಮೇಲೆ ಕಲಿಯಬಹುದಾದ ವಿದ್ಯೆಯ ಮೊದಲ ಪಾಠವನ್ನು ಒಂಬತ್ತನೇ ಕ್ಲಾಸಿನಲ್ಲಿ ಯಾಕೆ ಕಲಿಸಬಾರದು?

ಈಗ ಅಧಿಕಾರಿಗಳು ಏನ್ಮಾಡ್ತಾರೆ ಹೇಳ್ತೀನಿ. ‘ಒಳ್ಳೆ ಐಡಿಯಾ ಸಾರ್’ ಅಂತ ಟೆಂಡರ್ ಕರೀತಾರೆ. ಮೆಷಿನ್ ಬರುತ್ತೆ, ಮಂತ್ರಿಗಳು ಟೇಪ್ ಕತ್ತರಿಸ್ತಾರೆ, ಫೋಟೋ ಬರುತ್ತೆ. ಆಮೇಲೆ ಬೀಗ. ಕಂಪ್ಯೂಟರ್ ಮೇಲೆ ಬೆಡ್‌ಶೀಟ್ ಹೊದಿಸಿ, ಲ್ಯಾಬಿಗೆ ಬೀಗ ಹಾಕಿ, ಕೀಲಿ ಹೆಡ್‌ಮಾಸ್ಟರ್ ಬೀರುವಿನಲ್ಲಿಟ್ಟ ಶಾಲೆಯನ್ನು ನಾನೇ ನೋಡಿದ್ದೀನಿ. ಕೇಳಿದ್ರೆ ‘ಕಲಿಸೋರು ಇಲ್ಲ ಸಾರ್, ಕೆಟ್ಟುಹೋದ್ರೆ ಯಾರು ಜವಾಬ್ದಾರಿ’ ಅಂದ್ರು. ಅದಕ್ಕೇ ನಾನು ಹೇಳೋದು, ಮೆಷಿನ್ ಆಮೇಲೆ ತನ್ನಿ, ಮೊದಲು ಮೇಷ್ಟ್ರನ್ನು ತಯಾರು ಮಾಡಿ.

ಹೇಗೆ? ಮೂರು ದಿನದ ಕಾರ್ಯಾಗಾರ, ಪಿಪಿಟಿ, ಮಧ್ಯಾಹ್ನದ ಊಟ, ಟಿಎ-ಡಿಎ, ಸರ್ಟಿಫಿಕೇಟು. ಇದರಿಂದ ಆಗಲ್ಲ. ವೆಲ್ಡಿಂಗ್ ತಲೆಗೆ ಬರೋ ಮುಂಚೆ ಕೈಗೆ ಬರಬೇಕು. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಹೆಚ್ಚುಕಡಿಮೆ ರಾಡಿನ ದಪ್ಪದಷ್ಟೇ ಜಾಗ, ಅಂದ್ರೆ ಮೂರು ಮಿಲಿಮೀಟರು. ಹತ್ತಿರ ಹೋದ್ರೆ ಅಂಟಿಕೊಳ್ಳುತ್ತೆ, ದೂರ ಹೋದ್ರೆ ಆರ್ಕ್ ಆರಿಹೋಗುತ್ತೆ. ರಾಡ್ ಕರಗಿ ಗಿಡ್ಡ ಆಗ್ತಾ ಇರುತ್ತೆ, ಅಂತರ ಮಾತ್ರ ಅಷ್ಟೇ ಇರಬೇಕು. ಕೈ ನಿಧಾನ ಆದ್ರೆ ತೂತು, ಜೋರಾದ್ರೆ ಬೆಸುಗೆ ಮೇಲೆ ಮೇಲೆ ಕೂರುತ್ತೆ, ಒಳಗೆ ಹಿಡಿಯಲ್ಲ. ಇದನ್ನು ಪಿಪಿಟಿಯಲ್ಲಿ ತೋರಿಸ್ತೀರಾ?

ಆದ್ರೆ ಅರ್ಧ ಪಾಠ ನಮ್ಮ ಮೇಷ್ಟ್ರಿಗೆ ಆಗಲೇ ಗೊತ್ತಿದೆ! ಹತ್ತನೇ ಕ್ಲಾಸ್ ವಿಜ್ಞಾನದಲ್ಲಿ ಓಮನ ನಿಯಮ ಇದೆ, ವಿದ್ಯುತ್ ಪ್ರವಾಹದಿಂದ ಶಾಖ ಹುಟ್ಟೋದು ಇದೆ, ಲೋಹ ಗಾಳಿಯ ಆಮ್ಲಜನಕದ ಜೊತೆ ಸೇರಿ ಹಾಳಾಗೋದು ಇದೆ. ವೋಲ್ಟೇಜ್ ಇಳಿಸಿ ಕರೆಂಟ್ ಏರಿಸೋದೇ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರಿನ ಕೆಲಸ. ರಾಡಿನ ಮೇಲಿನ ಲೇಪ ಉರಿದು ಅನಿಲದ ಪರದೆ ಮಾಡಿ, ಕರಗಿದ ಲೋಹಕ್ಕೆ ಗಾಳಿ ಸೋಕದ ಹಾಗೆ ಕಾಯುತ್ತೆ. ವಿಜ್ಞಾನದ ಮೇಷ್ಟ್ರು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಲಿ. ಆಮೇಲೆ ಅವರು ಮಾಡೋ ಪಾಠವೇ ಬೇರೆ.

ಜಾಗಕ್ಕೆ ಬರವಿದೆಯಾ? ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲೇ ಜಿಟಿಟಿಸಿ ಇದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಸಂಸ್ಥೆ. ತುಮಕೂರು ರಸ್ತೆಯಲ್ಲಿ ಕೇಂದ್ರದ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಇದೆ, ಹಳಬರಿಗೆ ಎಫ್‌ಟಿಐ ಅಂದ್ರೆ ಗೊತ್ತಾಗುತ್ತೆ. ಐಟಿಐ ಬೋಧಕರನ್ನು ತಯಾರು ಮಾಡೋದೇ ಅವರ ಕೆಲಸ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸಾವಿರಾರು ಕೋಟಿ ಸುರಿದು ಮೇಲ್ದರ್ಜೆಗೆ ಏರಿಸಿದ್ದಾರೆ. ಬೇಸಿಗೆ ರಜೆ, ದಸರಾ ರಜೆ ಸೇರಿಸಿ, ರಜೆಗೆ ಬದಲಿ ಸಂಬಳ ಕೊಟ್ಟು, ಒಂದೊಂದು ಶಾಲೆಯಿಂದ ಇಬ್ಬಿಬ್ಬರನ್ನು ಕಳಿಸಿ. ಒಬ್ಬರು ವಿಜ್ಞಾನದವರು, ಇನ್ನೊಬ್ಬರು ವೃತ್ತಿ ಶಿಕ್ಷಕರು, ಅಂದ್ರೆ ನಾವೆಲ್ಲ ಕ್ರಾಫ್ಟ್ ಮೇಷ್ಟ್ರು ಅಂತಿದ್ವಲ್ಲ, ಅವರು. ಪರೀಕ್ಷೆಯೂ ಕಾಗದದಲ್ಲಿ ಬೇಡ. ಎರಡು ಪ್ಲೇಟು ಬೆಸೆಯಲಿ, ಅದನ್ನು ಬಗ್ಗಿಸಿ ನೋಡಿ. ಬಿರುಕು ಬಿಟ್ರೆ ಫೇಲು, ಇನ್ನೊಂದು ಸಲ. ಬಗ್ಗಿಸಿದ ಕಬ್ಬಿಣದ ಹತ್ತಿರ ವಶೀಲಿ ನಡೆಯಲ್ಲ.

ಬೆಸುಗೆಗಿಂತ ಮೊದಲ ಪಾಠ ಸುರಕ್ಷತೆ. ಮಕ್ಕಳ ಯೂನಿಫಾರಂ ಬಟ್ಟೆಯನ್ನೇ ತಗೊಳ್ಳಿ. ಪಾಲಿಯೆಸ್ಟರ್ ಬೆರೆತ ಬಟ್ಟೆಗೆ ಕಿಡಿ ಬಿದ್ರೆ ಅದು ಕರಗಿ ಚರ್ಮಕ್ಕೆ ಅಂಟುತ್ತೆ. ಹತ್ತಿ ಬಟ್ಟೆ, ಚರ್ಮದ ಏಪ್ರನ್ನು, ಗ್ಲೌಸು, ಸರಿಯಾದ ಗಾಜಿನ ಹೆಲ್ಮೆಟ್ಟು, ಹೊಗೆ ಎಳೆಯೋ ಫ್ಯಾನು, ಮರಳಿನ ಬಕೆಟ್ಟು ಇಲ್ಲದ ಶಾಲೆಯಲ್ಲಿ ಸ್ವಿಚ್ಚೇ ಹಾಕಬಾರದು. ಹದಿನೆಂಟು ತುಂಬದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚಬಾರದು ಅನ್ನೋ ಕಾನೂನಿದೆ. ಅದಕ್ಕೇ ಇದು ಉತ್ಪಾದನೆ ಆಗಬಾರದು, ಪಾಠವಾಗೇ ಇರಬೇಕು. ಶಾಲೆಯ ಬೆಂಚು ರಿಪೇರಿ ಮಾಡಿಸೋಕೆ ಪುಕ್ಕಟೆ ಆಳು ಸಿಕ್ಕಿದ ಅಂತ ಯಾರೂ ಅಂದ್ಕೋಬಾರದು.

ಇನ್ನೊಂದು ಮಾತು, ಇದು ಕಹಿ. ಪಿಯುಸಿ ಮಟ್ಟದಲ್ಲಿ ಜೆಒಸಿ ಅಂತ ಕೋರ್ಸುಗಳಿದ್ವು, ನೆನಪಿದೆಯಾ? ವರ್ಷಗಟ್ಟಲೆ ಅರೆಕಾಲಿಕ ಸಂಬಳದಲ್ಲಿ ಕಲಿಸಿದವರನ್ನು ಕೋರ್ಸ್ ನಿಂತ ಮೇಲೆ ಸೇವೆಗೆ ಸೇರಿಸಿಕೊಳ್ಳೋಕೆ 2011ರಲ್ಲಿ ವಿಶೇಷ ಕಾಯ್ದೆಯನ್ನೇ ಮಾಡಬೇಕಾಯ್ತು. ಮತ್ತೆ ಅದೇ ಆಗೋದು ಬೇಡ. ಅಮೆರಿಕದವರು 1917ರಲ್ಲೇ ಸ್ಮಿತ್-ಹ್ಯೂಸ್ ಕಾಯ್ದೆ ಮಾಡಿದಾಗ, ವೃತ್ತಿ ಶಿಕ್ಷಣಕ್ಕೆ ದುಡ್ಡು ಕೊಟ್ಟು ಸುಮ್ಮನಾಗಲಿಲ್ಲ. ಶಿಕ್ಷಕರ ತರಬೇತಿಗೆ ಅಂತಲೇ ಬೇರೆ ಹಣ ಇಟ್ಟರು. ಹತ್ತು ತಿಂಗಳ ಗುತ್ತಿಗೆ ಮೇಷ್ಟ್ರಿಂದ ಹತ್ತು ವರ್ಷ ಬಾಳೋ ವಿದ್ಯೆ ಬೆಳೆಯಲ್ಲ.

‘ಬಡವರ ಮಕ್ಕಳು ವೆಲ್ಡರ್ ಆಗಲಿ, ನಿಮ್ಮ ಮಕ್ಕಳು ಎಂಜಿನಿಯರ್ ಆಗಲಿ ಅಂತೀರಾ?’ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಈ ದೇಶದಲ್ಲಿ ಕೈಕೆಲಸಕ್ಕೆ ಜಾತಿ ಅಂಟಿಸಿದ್ದೀವಿ, ಅದು ಸುಳ್ಳಲ್ಲ. ಅದಕ್ಕೇ ಇದು ಫೇಲಾದವರ ಪಾಠ ಆಗಬಾರದು. ಫಸ್ಟ್ ಬೆಂಚಿನ ಹುಡುಗಿಯೂ ರಾಡ್ ಹಿಡಿಯಲಿ, ಬಸವೇಶ್ವರನಗರದ ಪ್ರೈವೇಟ್ ಸ್ಕೂಲಿನ ಹುಡುಗನೂ ಹಿಡಿಯಲಿ. ಎಂಜಿನಿಯರ್ ಆಗೋನಿಗೆ ಒಂದು ಬೆಸುಗೆ ಮಾಡೋಕೆ ಬಂದ್ರೆ ನಷ್ಟ ಏನು? ಬಡಾವಣೆಗೆ ಬಸವಣ್ಣನ ಹೆಸರಿಟ್ಟು, ಮಗ ಕೈ ಕೊಳೆ ಮಾಡಿಕೊಂಡ್ರೆ ಮುಖ ಸಿಂಡರಿಸೋದಾದ್ರೆ ಕಾಯಕದ ಮಾತು ಯಾಕೆ ಆಡಬೇಕು?

ಶಿಕ್ಷಣ ಸಚಿವರಿಗೆ ಒಂದೇ ವಿನಂತಿ. ಇಡೀ ರಾಜ್ಯಕ್ಕೆ ಘೋಷಣೆ ಮಾಡಬೇಡಿ. ರಾಜಾಜಿನಗರದಿಂದ ಕೆಂಗೇರಿ ತನಕ ಹತ್ತು ಸರ್ಕಾರಿ ಹೈಸ್ಕೂಲು ಆರಿಸಿ. ಇಪ್ಪತ್ತು ಮೇಷ್ಟ್ರು, ಮೇಡಮ್ಮುಗಳನ್ನು ಕಳಿಸಿ. ಕಾಮಾಕ್ಷಿಪಾಳ್ಯದ ಒಬ್ಬ ಹಳೇ ಮೇಸ್ತ್ರಿಯನ್ನೂ ಕರೆದು, ಡಿಗ್ರಿ ಕೇಳದೆ, ಅವರ ಪಕ್ಕ ಕೂರಿಸಿ. ಮೇಷ್ಟ್ರು ಮೇಸ್ತ್ರಿಗೆ ಕಣ್ಣು ಕಾಪಾಡಿಕೊಳ್ಳೋದು ಹೇಳಿಕೊಡಲಿ, ಮೇಸ್ತ್ರಿ ಮೇಷ್ಟ್ರಿಗೆ ಕೈ ಪಳಗಿಸಲಿ. ಒಂದು ವರ್ಷ ನೋಡಿ. ಆ ಪ್ಲೇಟು ಬಗ್ಗಿಸಿದಾಗ ಬಿರುಕು ಬಿಡದಿದ್ರೆ, ಆಗ ಕರೀರಿ ಟೆಂಡರ್ರು. ಅದರ ಸುದ್ದಿ ನಾನೇ ಓದ್ತೀನಿ.